ಜರೂರಿ ಎಷ್ಟು, ಹೌಸಿ ಎಷ್ಟು?

ಬೆಳಗಾವಿಯಿಂದ ಖಾನಾಪುರದ ಕಡೆ ಹೊರಟರೆ ಉದ್ಯಮಬಾಗ, ಪೀರನವಾಡಿ ದಾಟಿದ ಕೂಡಲೇ ಮಚ್ಛೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ‘ಜ್ಞಾನ ಸಂಗಮ’, ಮೀಸಲು ಪೊಲೀಸರ ಮೈದಾನ, ಫೌಂಡ್ರಿಗಳು, ಮಷಿನ್ ಶಾಪ್‌ಗಳು, ಇವುಗಳ ನಡುವೆ ಇನ್ನೂ ಉಳಿದುಕೊಂಡಿರುವ ಭತ್ತದ ಗದ್ದೆ. ಹಲಗಾ–ಮಚ್ಛೆ ಬೈಪಾಸಿಗಾಗಿ ಆ ಗದ್ದೆ ಬಿಡಲೊಲ್ಲೆವೆಂದು ರೈತರು ವರ್ಷಗಟ್ಟಲೆ ಕೋರ್ಟು ಹತ್ತಿಳಿದದ್ದು ಈ ಭಾಗದವರಿಗೆಲ್ಲ ಗೊತ್ತು. ಇಂಥ ಊರಿನಲ್ಲಿ ತಿಂಗಳಿಗೊಮ್ಮೆ ಬರುವ ದೊಡ್ಡ ದಿನವೆಂದರೆ ಪಗಾರದ ದಿನ. ಸಾವಿರಕ್ಕಿಂತ ಕಡಿಮೆ ಆಳುಗಳಿರುವ ಕಾರ್ಖಾನೆ ತಿಂಗಳ ಏಳನೇ ತಾರೀಖಿನೊಳಗೆ ಪಗಾರ ಕೊಡಬೇಕು ಎಂದು 1936ರ ವೇತನ ಪಾವತಿ ಕಾಯ್ದೆಯ ಕಾಲದಲ್ಲೇ ನಿಯಮವಾಯಿತು. ಕೊಡುವವರು ಕೊಡುತ್ತಾರೆ, ಎಳೆಯುವವರು ಎಳೆಯುತ್ತಾರೆ. ಬಂದ ದಿನ ಮಾತ್ರ ಕಿರಾಣಿ ಅಂಗಡಿಯ ಉದ್ರಿ ವಹಿಯಲ್ಲಿ ಒಂದಿಷ್ಟು ಗೆರೆ ಬೀಳುತ್ತವೆ. ಪಿಗ್ಮಿಯವನು ಬರುತ್ತಾನೆ. ಹೆಂಗಸರ ಭಿಶಿಗೆ ಹಣ ಹೋಗುತ್ತದೆ, ಸಂಘದ ಕಂತು ಹೋಗುತ್ತದೆ. ಉಳಿದದ್ದರ ಮೇಲೆ ಮೊಬೈಲ್ ಅಂಗಡಿಯವರು, ಗಾಡಿ ಶೋರೂಮಿನವರು, ಗಣಪತ ಗಲ್ಲಿ ಮತ್ತು ಖಡೇ ಬಜಾರಿನ ಬಟ್ಟೆ ಅಂಗಡಿಯವರು ಕಣ್ಣಿಟ್ಟಿರುತ್ತಾರೆ.

ಇದರ ಜೊತೆಗೇ ಒಂದು ಮಾತೂ ಓಡಾಡುತ್ತದೆ. ಹೇಳುವವರು ಸಾಮಾನ್ಯವಾಗಿ ಪಗಾರಕ್ಕೆ ಕಾಯದವರು. “ಈ ಮಂದಿಗೆ ಜರೂರಿ ಯಾವುದು, ಹೌಸಿ ಯಾವುದು ಅನ್ನೋದ ತಿಳಿಯೂದಿಲ್ಲ ನೋಡ್ರಿ. ಮನ್ಯಾಗ ಅಕ್ಕಿ ಇರೂದಿಲ್ಲ, ಕೈಯಾಗ ಹದಿನೈದ ಸಾವಿರದ ಮೊಬೈಲ್ ಇರ್ತದ.” ಜರೂರಿ ಎಂದರೆ ಅಗತ್ಯ, ಹೌಸಿ ಎಂದರೆ ಶೋಕಿ. ಕೇಳಲಿಕ್ಕೆ ಸರಿಯೆನಿಸುವ ಮಾತು. ಇದು ಎಷ್ಟು ಹಳೆಯದು ಎಂಬುದೇ ನನ್ನ ಮೊದಲ ಆಸಕ್ತಿ.

ಬೆಳಗಾವಿ ಮುಂಬಯಿ ಪ್ರಾಂತದಲ್ಲಿದ್ದ ಕಾಲ. 1875ರಲ್ಲಿ ಪುಣೆ, ಅಹಮದನಗರದ ಹಳ್ಳಿಗಳಲ್ಲಿ ರೈತರು ಸಾವಕಾರರ ಮನೆಗೆ ನುಗ್ಗಿ ಸಾಲದ ಪತ್ರಗಳನ್ನು ಸುಟ್ಟರು. ಚರಿತ್ರೆಯಲ್ಲಿ ಅದು ದಖ್ಖನ್ ದಂಗೆ. ರೈತ ಯಾಕೆ ಸಾಲಗಾರನಾದ ಎಂದು ಆಗಿನ ಸಾಹೇಬರಲ್ಲಿ ಅನೇಕರಿಗೆ ಸಿದ್ಧ ಉತ್ತರವಿತ್ತು: ಮದುವೆ, ಹಬ್ಬ, ಊಟ ಹಾಕಿಸುವ ಚಪಲ. ದಂಗೆಯ ಕಾರಣ ಹುಡುಕಲು ಕೂತ ಆಯೋಗ ಲೆಕ್ಕ ತೆಗೆದು ನೋಡಿತು. ಮದುವೆಯ ಖರ್ಚಿಗೆ ಅತಿಯಾದ ಮಹತ್ವ ಕೊಡಲಾಗಿದೆ, ಎಂದೋ ಒಮ್ಮೆ ಬರುವ ಮದುವೆಗಿಂತ ಮತ್ತೆ ಮತ್ತೆ ತರುವ ಸಣ್ಣ ಸಾಲಗಳೇ ರೈತನನ್ನು ಮುಳುಗಿಸಿದ್ದು ಎಂದು ಅದು ವರದಿ ಕೊಟ್ಟಿತು. ಆ ಸಣ್ಣ ಸಾಲಗಳು ಯಾತಕ್ಕೆ? ಹೊಟ್ಟೆಗೆ, ಬೀಜಕ್ಕೆ, ಎತ್ತಿಗೆ, ಸರ್ಕಾರದ ಕಂದಾಯಕ್ಕೆ. ಎಲ್ಲವೂ ಜರೂರಿಯೇ. ಹಣ ಕಡಿಮೆ ಬಿದ್ದಾಗ ಜರೂರಿಯೇ ಸಾಲವಾಗುತ್ತದೆ ಎಂಬ ಈ ಸರಳ ಲೆಕ್ಕ ಕಾಗದದ ಮೇಲೆ ಬಂದು ಒಂದೂವರೆ ಶತಮಾನವಾಗುತ್ತ ಬಂತು. ಮಚ್ಛೆಯ ಚಹದಂಗಡಿಯಲ್ಲಿ ಸಾಹೇಬರ ಮಾತೇ ಇನ್ನೂ ನಡೆಯುತ್ತಿದೆ. ಸಾವಕಾರನಿಂದ ಬಿಡಿಸಿಕೊಳ್ಳುವ ದಾರಿಯೂ ನಮ್ಮ ಕಡೆಯೇ ಹುಟ್ಟಿತು. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಕೃಷಿ ಪತ್ತಿನ ಸಹಕಾರಿ ಸಂಘವೇ ದೇಶದಲ್ಲಿ ಮೊದಲನೆಯದು. ಇಂದು ಬೆಳಗಾವಿಯ ಗಲ್ಲಿಗೊಂದು ಸೊಸೈಟಿ ಕಾಣುವುದರ ಹಿಂದೆ ಆ ಪರಂಪರೆಯಿದೆ.

ಹಾಗಾದರೆ ಒಬ್ಬ ಕಾರ್ಮಿಕನ ಜರೂರಿ ಎಂದರೆ ಏನು? ಇದನ್ನು ಯಾರಾದರೂ ಕೂತು ಬರೆದಿದ್ದಾರೆಯೇ? ಬರೆದಿದ್ದಾರೆ. 1957ರ ಜುಲೈನಲ್ಲಿ ದೆಹಲಿಯಲ್ಲಿ ನಡೆದ ಹದಿನೈದನೆಯ ಭಾರತೀಯ ಕಾರ್ಮಿಕ ಸಮ್ಮೇಳನದಲ್ಲಿ ಸರ್ಕಾರ, ಮಾಲೀಕರು, ಕಾರ್ಮಿಕ ಸಂಘಗಳು ಮೂವರೂ ಒಪ್ಪಿ ಒಂದು ಪಟ್ಟಿ ಮಾಡಿದರು. ದುಡಿಯುವ ಗಂಡಸಿಗೆ ಒಂದು ಪಾಲು, ಹೆಂಡತಿಗೆ 0.8, ಎರಡು ಮಕ್ಕಳಿಗೆ ತಲಾ 0.6, ಒಟ್ಟು ಮೂರು ಪಾಲಿನ ಸಂಸಾರ. ಪಾಲಿಗೆ ದಿನಕ್ಕೆ 2,700 ಕ್ಯಾಲೊರಿಯ ಆಹಾರ. ನಾಲ್ಕು ಜನಕ್ಕೆ ವರ್ಷಕ್ಕೆ 72 ಗಜ ಬಟ್ಟೆ. ಸರ್ಕಾರಿ ಕಾರ್ಮಿಕ ವಸತಿಗೆ ಕೊಡುವಷ್ಟು ಬಾಡಿಗೆ. ಉರುವಲು, ದೀಪ, ಇತರೇ ಸೇರಿ ಕನಿಷ್ಠ ವೇತನದ ಶೇ 20. ಹೆಂಡತಿಯ ಗಳಿಕೆಯನ್ನು ಲೆಕ್ಕಕ್ಕೆ ಹಿಡಿಯಬಾರದು ಎಂದೂ ಬರೆದರು. ಗಂಡಸಿನ ಪಗಾರ ಕಡಿಮೆಯಾಗಬಾರದು ಎಂಬ ಒಳ್ಳೆಯ ಉದ್ದೇಶದಿಂದಲೇ. ಆದರೂ ಬೆಳಗಿನ ಐದಕ್ಕೆ ಎದ್ದು ರೊಟ್ಟಿ ಬಡಿದು ಮೂವರಿಗೆ ಬುತ್ತಿ ಕಟ್ಟಿ ತಾನೂ ಕೆಲಸಕ್ಕೆ ಹೋಗುವ ಹೆಣ್ಣುಮಗಳಿಗೆ 0.8 ಸಾಕು ಎಂದು ನಿರ್ಧರಿಸಿದ ಆ ಮೇಜಿನ ಸುತ್ತ ಅಡುಗೆ ಮಾಡಿದವರು ಎಷ್ಟು ಜನರಿದ್ದರೋ!

ಮುಂದೆ 34 ವರ್ಷ ಈ ಪಟ್ಟಿಯೇ ನಡೆಯಿತು. 1991ರ ಅಕ್ಟೋಬರ್‌ನಲ್ಲಿ ರೆಪ್ಟಾಕೋಸ್ ಬ್ರೆಟ್ ಕಂಪನಿಯ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಇನ್ನೊಂದು ಸಾಲು ಸೇರಿಸಿತು: ಮಕ್ಕಳ ಓದು, ಔಷಧ, ಹಬ್ಬ–ಸಮಾರಂಭವೂ ಸೇರಿದಂತೆ ಕನಿಷ್ಠ ಮನರಂಜನೆ, ಮುಪ್ಪಿನ ಕಾಲ, ಮದುವೆ. ಇವಕ್ಕೆಲ್ಲ ಸೇರಿ ಕನಿಷ್ಠ ವೇತನದಲ್ಲಿ ಶೇ 25 ಇರಲೇಬೇಕು. ಗಮನಿಸಿ, ಹಬ್ಬ ಮತ್ತು ಮದುವೆ. ದಖ್ಖನ್ ದಂಗೆಯ ಕಾಲದಲ್ಲಿ ರೈತನ ಮೇಲೆ ಹೊರಿಸಿದ್ದ ಅದೇ ಎರಡು ಆರೋಪಗಳು. ದೇಶದ ಅತಿ ದೊಡ್ಡ ನ್ಯಾಯಾಲಯ ಅವುಗಳನ್ನು ಹೌಸಿಯ ಪಟ್ಟಿಯಿಂದ ಎತ್ತಿ ಜರೂರಿಯ ಪಟ್ಟಿಗೆ ಇಟ್ಟಿತು. ಗಣೇಶ ಚೌತಿಗೆ ಮಕ್ಕಳಿಗೆ ಹೊಸ ಅಂಗಿ ತರುವ ಫೌಂಡ್ರಿ ಕೆಲಸಗಾರನ ಬೆನ್ನಿಗೆ ಕಾನೂನೇ ನಿಂತಿದೆ ಎಂದಾಯಿತು. ಅವನ ಪಗಾರದಲ್ಲಿ ಆ ಶೇ 25 ನಿಜವಾಗಿ ಸೇರಿದೆಯೇ ಎಂಬುದು ಬೇರೆ ಪ್ರಶ್ನೆ. ನಮ್ಮ ರಾಜ್ಯದಲ್ಲಿ ಅದೇ ಸೂತ್ರದ ಮೇಲೆ ಕನಿಷ್ಠ ವೇತನ ಪರಿಷ್ಕರಿಸುವ ಕರಡು ಅಧಿಸೂಚನೆ ಹೊರಬಿದ್ದದ್ದು 2025ರ ಏಪ್ರಿಲ್‌ನಲ್ಲಿ. ತೀರ್ಪು ಬಂದಾಗ ಹುಡುಗನಾಗಿದ್ದವನು ಅಷ್ಟರಲ್ಲಿ ಮಕ್ಕಳ ಮದುವೆಯ ವಯಸ್ಸಿಗೆ ಬಂದಿದ್ದ.

ಸರ್ಕಾರಗಳು ಜರೂರಿ–ಹೌಸಿಯ ಗೆರೆ ಎಳೆಯುವ ಇನ್ನೊಂದು ಜಾಗ ತೆರಿಗೆಯ ಪಟ್ಟಿ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಬಂಗಾರಕ್ಕೆ ಶೇ 3, ಬಿಸ್ಕತ್ತಿಗೆ ಶೇ 18. ಹೆಣ್ಣುಮಕ್ಕಳ ಸ್ಯಾನಿಟರಿ ಪ್ಯಾಡಿಗೆ ಶೇ 12. ಗದ್ದಲವಾದ ಮೇಲೆ ಒಂದು ವರ್ಷಕ್ಕೆ ಅದನ್ನು ತೆಗೆದರು. ಸಾದಾ ಬೈಕಿಗೆ ಶೇ 28. ಅಂದರೆ ಖಾನಾಪುರದ ಹಳ್ಳಿಯಿಂದ ಮಚ್ಛೆಗೆ ಪಾಳಿಗೆ ಬರುವವನ ಹಂಡ್ರೆಡ್ ಸಿಸಿ ಗಾಡಿ ಎಂಟು ವರ್ಷ ಸರ್ಕಾರದ ಕಣ್ಣಿಗೆ ಮೇಲಿನ ಸ್ಲ್ಯಾಬಿನ ಸಾಮಾನು. 2025ರ ಸೆಪ್ಟೆಂಬರ್ 22ರಂದು ಅದು ಶೇ 18ಕ್ಕೆ ಇಳಿಯಿತು. ಅದೇ ದಿನ ಬಿಸ್ಕತ್ತು ಶೇ 5ಕ್ಕೆ ಬಂತು, ವೈಯಕ್ತಿಕ ಆರೋಗ್ಯ ವಿಮೆ ಮತ್ತು ಜೀವ ವಿಮೆಯ ಮೇಲಿನ ಶೇ 18 ತೆರಿಗೆ ಪೂರ್ತಿ ಹೋಯಿತು. ದೆಹಲಿಯ ಮಹಾಮಹಾ ಅಧಿಕಾರಿಗಳಿಗೇ ಆಸ್ಪತ್ರೆ ವಿಮೆ ಜರೂರಿ ಎಂದು ತಿಳಿಯಲು ಎಂಟು ವರ್ಷ ಬೇಕಾಯಿತು. ಮಚ್ಛೆಯವರು ಪಗಾರದ ಸಂಜೆ ಅರ್ಧ ಗಂಟೆಯಲ್ಲಿ ತಪ್ಪದೆ ನಿರ್ಧರಿಸಬೇಕು ಎಂದು ಯಾಕೆ ಬಯಸುತ್ತೇವೆ?

ಸರ್ಕಾರದ್ದೇ ಖರ್ಚಿನ ಜರೂರಿ–ಹೌಸಿಗೆ ಇಲ್ಲೇ ಹತ್ತಿರದ ಒಂದು ಕಟ್ಟಡದ ಮಾತು. ಹಲಗಾದ ಗುಡ್ಡದ ಮೇಲಿನ ಸುವರ್ಣ ವಿಧಾನಸೌಧ 2012ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣವ್ ಮುಖರ್ಜಿ ಅವರಿಂದ ಉದ್ಘಾಟನೆಯಾಯಿತು. ನೂರಾರು ಕೋಟಿ ರೂಪಾಯಿಯ ಸೌಧ. ಅಧಿವೇಶನ ವರ್ಷಕ್ಕೊಮ್ಮೆ, ಹೆಚ್ಚೂಕಡಿಮೆ ಹತ್ತು ದಿನ. ಗಡಿಯ ಕಾರಣಕ್ಕೆ ಅದು ಜರೂರಿ ಎಂದು ವಾದಿಸುವವರಿದ್ದಾರೆ, ನಾನೂ ಅರ್ಧ ಒಪ್ಪುತ್ತೇನೆ. 2022ರಲ್ಲಿ ಅಲ್ಲಿ ಸ್ವಚ್ಛತೆಯ ಕೆಲಸದ ಒಬ್ಬ ಹೆಣ್ಣುಮಗಳು ಸೌಧದ ಮೆಟ್ಟಿಲ ಮುಂದೆ ಶಾವಿಗೆ ಒಣಹಾಕಿದರು. ಫೋಟೊ ಊರೆಲ್ಲ ಹರಡಿತು, ಕೆಲಸದಿಂದ ತೆಗೆದರು, ಜನ ಬೈದ ಮೇಲೆ ಮತ್ತೆ ಸೇರಿಸಿಕೊಂಡರು. ಒಳ್ಳೆ ಬಿಸಿಲು, ಸ್ವಚ್ಛ ಕಲ್ಲು, ಯಾರೂ ಓಡಾಡದ ಜಾಗ. ಆ ಸೌಧವನ್ನು ಪೂರ್ತಿ ಜರೂರಿಗೆ ಬಳಸಿದವರು ಆ ದಿನ ಅವರೊಬ್ಬರೇ ಇರಬೇಕು.

ಇನ್ನು ಮನೆಯೊಳಗೆ ಬರೋಣ. ಒಂದು ಸಂಸಾರವನ್ನು ಊಹಿಸಿಕೊಳ್ಳಿ. ಗಂಡ ಫೌಂಡ್ರಿಯಲ್ಲಿ, ಹೆಂಡತಿ ಮನೆಯಲ್ಲೇ ಹೊಲಿಗೆ, ಎರಡು ಮಕ್ಕಳು. ಕೈಗೆ ಬರುವ ಪಗಾರ 18,000 ಎಂದಿಟ್ಟುಕೊಳ್ಳೋಣ. ಹಣಕಾಸು ಸಲಹೆಗಾರರಿಗೆ ಪ್ರಿಯವಾದ ಒಂದು ಸೂತ್ರವಿದೆ: ಅರ್ಧ ಅಗತ್ಯಕ್ಕೆ, ಶೇ 30 ಆಸೆಗೆ, ಶೇ 20 ಉಳಿತಾಯಕ್ಕೆ. ಅಮೆರಿಕದ ಎಲಿಜಬೆತ್ ವಾರನ್ ಮತ್ತು ಅವರ ಮಗಳು 2005ರಲ್ಲಿ ಬರೆದ ಪುಸ್ತಕದಿಂದ ಜನಪ್ರಿಯವಾದದ್ದು. ಈಗ ಕನ್ನಡದ ರೀಲ್ಸ್‌ಗಳಲ್ಲೂ ದಿನಕ್ಕೊಬ್ಬರು ಅದನ್ನೇ ಹೇಳುತ್ತಾರೆ. ಮಚ್ಛೆಗೆ ಹಚ್ಚಿ ನೋಡಿ. ಕೇಂದ್ರ ಸರ್ಕಾರದ 2023–24ರ ಗೃಹಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ದೇಶದ ಹಳ್ಳಿಗಳಲ್ಲಿ ತಲೆಗೆ ತಿಂಗಳ ಖರ್ಚು ಸರಾಸರಿ 4,122 ರೂಪಾಯಿ, ಅದರಲ್ಲಿ ಶೇ 47 ಆಹಾರಕ್ಕೆ. ನಾಲ್ಕು ಜನರ ಊಟ–ತಿಂಡಿಗೇ ಸುಮಾರು 7,750. ಸೂತ್ರ ಕೊಡುವ ಅರ್ಧ 9,000ದಲ್ಲಿ ಉಳಿದದ್ದು 1,250. ಅದರಲ್ಲಿ ಬಾಡಿಗೆ, ಗ್ಯಾಸು, ಶಾಲೆ, ಔಷಧ, ಪೆಟ್ರೋಲು. ಸೂತ್ರ ಬರೆದವರ ತಪ್ಪಿಲ್ಲ, ಅವರು ತಮ್ಮ ದೇಶದ ಮಧ್ಯಮ ವರ್ಗಕ್ಕೆ ಬರೆದರು. ಇಲ್ಲಿಗೆ ತಂದು ಮಾರುವವರಿಗೆ ಇಲ್ಲಿನ ಪಗಾರದ ಚೀಟಿ ನೋಡುವ ವ್ಯವಧಾನವಿಲ್ಲ, ಅಷ್ಟೆ.

ಅದೇ ಸಮೀಕ್ಷೆಗಳಲ್ಲಿ ಇನ್ನೊಂದು ಸಂಗತಿಯಿದೆ. 1999–2000ದಲ್ಲಿ ಹಳ್ಳಿಯ ಮನೆಗಳು ತಮ್ಮ ಖರ್ಚಿನಲ್ಲಿ ಶೇ 22ರಷ್ಟನ್ನು ಅಕ್ಕಿ, ಗೋಧಿ, ಜೋಳದಂಥ ಧಾನ್ಯಕ್ಕೆ ಹಾಕುತ್ತಿದ್ದವು. 2022–23ರ ಹೊತ್ತಿಗೆ ಅದು ಶೇ 5ರ ಆಸುಪಾಸಿಗೆ ಇಳಿಯಿತು. ಆಹಾರದಲ್ಲಿ ಈಗ ಅತಿ ದೊಡ್ಡ ಬಾಬು ಪಾನೀಯ ಮತ್ತು ಸಿದ್ಧ ತಿನಿಸು, ಖರ್ಚಿನಲ್ಲಿ ಹತ್ತಿರಹತ್ತಿರ ಶೇ 10. ಅಕ್ಕಿಗಿಂತ ಚಹಾ–ವಡಾಪಾವಿಗೆ ಹೆಚ್ಚು ಹಣ ಎಂದು ಯಾರಾದರೂ ಕೊಂಕು ತೆಗೆಯಬಹುದು. ಎರಡನೇ ಪಾಳಿ ಮುಗಿಸಿ ರಾತ್ರಿ ಗೇಟಿನ ಹೊರಗೆ ಬರುವವನಿಗೆ ಆ ಹೊತ್ತಿಗೆ ಬಿಸಿ ಸಿಗುವುದು ಅದೊಂದೇ. ಅದನ್ನು ಹೌಸಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಮೂರು ಹೊತ್ತೂ ಗುಟಕಾ ಚೀಟು ಹರಿಯುವುದನ್ನು ಮಾತ್ರ ಜರೂರಿ ಎಂದು ಯಾವ ಕೋರ್ಟು ಹೇಳಿದರೂ ಒಪ್ಪಲಾರೆ.

ಕಾಲ ಸರಿದಂತೆ ಗೆರೆಯೂ ಸರಿಯುತ್ತದೆ. ಆಡಂ ಸ್ಮಿತ್ 1776ರಲ್ಲೇ ಇದನ್ನು ಗುರುತಿಸಿದ್ದ. ಪ್ರಾಚೀನ ಗ್ರೀಕರು, ರೋಮನ್ನರು ನಾರಗಸೆಯ ಅಂಗಿಯಿಲ್ಲದೆ ಸುಖವಾಗಿ ಬದುಕಿದ್ದರು, ಆದರೆ ತನ್ನ ಕಾಲದ ಯುರೋಪಿನಲ್ಲಿ ದಿನಗೂಲಿಯವನೂ ಆ ಅಂಗಿಯಿಲ್ಲದೆ ನಾಲ್ಕು ಜನರೆದುರು ಬರಲು ನಾಚುತ್ತಾನೆ, ಆದ್ದರಿಂದ ಅದು ಅಗತ್ಯ ವಸ್ತು ಎಂದ. ಈಗಿನ ನಾರಗಸೆಯ ಅಂಗಿ ಮೊಬೈಲು. ಪಗಾರದ ಮೆಸೇಜು ಅದರಲ್ಲಿ, ರಾಜ್ಯ ಸರ್ಕಾರದ ಗೃಹಲಕ್ಷ್ಮಿ ಹಣದ ಒಟಿಪಿ ಅದರಲ್ಲಿ, ಮಕ್ಕಳ ಶಾಲೆಯ ಗುಂಪು ಅದರಲ್ಲಿ, ಓವರ್‌ಟೈಮಿಗೆ ಸೂಪರ್‌ವೈಸರನ ಕರೆಯೂ ಅದರಲ್ಲೇ. ಫ್ರಿಜ್ಜಿನದೂ ಇದೇ ಕಥೆ. ಕುಂಬಾರಿಕೆಗೆ ಖಾನಾಪುರ ಎಷ್ಟು ಹೆಸರಾದದ್ದೆಂದರೆ ಖಾದಿ ಆಯೋಗದ ಕೇಂದ್ರೀಯ ಗ್ರಾಮೀಣ ಕುಂಬಾರಿಕೆ ತರಬೇತಿ ಸಂಸ್ಥೆ ಅಲ್ಲಿಯೇ ಇದೆ. ಅಲ್ಲಿನ ಮಣ್ಣಿನ ಗಡಿಗೆಯ ನೀರು ಕುಡಿದು ಬೆಳೆದವರಿಗೆ ಫ್ರಿಜ್ಜು ಹೌಸಿ. ಸಕ್ಕರೆ ಕಾಯಿಲೆಯ ಇನ್ಸುಲಿನ್ ಇಡಬೇಕಾದ ಮನೆಗೆ ಅದು ಔಷಧಿಯ ಪೆಟ್ಟಿಗೆ. ಇಬ್ಬರೂ ದುಡಿಯುವ ಮನೆಗೆ ರಾತ್ರಿಯ ಪಲ್ಯ ಬೆಳಗಿನ ಬುತ್ತಿಗೆ ಕೆಡದೆ ಉಳಿಯುವ ಉಪಾಯ. ಅಂಗಡಿಯಲ್ಲಿ ನಿಂತ ಫ್ರಿಜ್ಜನ್ನು ನೋಡಿ ಅದು ಯಾವ ಜಾತಿ ಎಂದು ಹೇಳಲಾಗದು. ಯಾರ ಮನೆಗೆ ಹೊರಟಿದೆ ಎಂದು ಕೇಳಬೇಕು.

ಆದರೆ ಹೀಗೆ ಹೇಳುತ್ತ ಹೋದರೆ ಎಲ್ಲವೂ ಜರೂರಿಯೇ ಆಗಿಬಿಡುತ್ತದಲ್ಲ? ಇಲ್ಲ. ಗೆರೆ ಇದ್ದೇ ಇದೆ. ಅದು ಹೆಚ್ಚಿನ ಸಲ ಒಂದೇ ಸಾಮಾನಿನ ಒಳಗೆ ಹಾಯುತ್ತದೆ, ಅದಕ್ಕೇ ಕಣ್ಣಿಗೆ ಬೀಳುವುದಿಲ್ಲ. ನಮ್ಮ ಆ ಊಹೆಯ ಸಂಸಾರದಲ್ಲಿ ಗಂಡ ಬೈಕ್ ಕೊಳ್ಳಲು ಹೊರಟನೆನ್ನಿ.

“ಗಾಡಿ ಇಲ್ಲಂದ್ರ ಸೆಕೆಂಡ್ ಪಾಳಿ ಮುಗಿಸಿ ನಡುರಾತ್ರಿ ಊರಿಗೆ ಹ್ಯಾಂಗ ಬರಬೇಕು? ಬಸ್ಸ್ ಇರ್ತಾವೇನು?”

“ಜರೂರಿ ಖರೇನ ಐತ್ರಿ. ಹಂಡ್ರೆಡ್ ಗಾಡಿ ಸಾಕಿತ್ತಲ್ರಿ. ಒನ್ ಫಿಫ್ಟಿ ಯಾಕ ಬೇಕಾತು?”

ಇಡೀ ಅರ್ಥಶಾಸ್ತ್ರ ಆ ಹೆಣ್ಣುಮಗಳ ಪ್ರಶ್ನೆಯಲ್ಲಿದೆ. ಗಾಡಿ ಜರೂರಿ, ಹಂಡ್ರೆಡ್ ಮತ್ತು ಒನ್ ಫಿಫ್ಟಿಯ ನಡುವಿನ ಅಂತರ ಹೌಸಿ. ಆ ಅಂತರ 40,000 ರೂಪಾಯಿ ಎಂದಿಟ್ಟುಕೊಳ್ಳಿ. ಹೌಸಿ ಮಾಡಬಾರದು ಎಂದು ನಾನು ಹೇಳುತ್ತಿಲ್ಲ, ಇಪ್ಪತ್ತೈದರ ಹುಡುಗನಿಗೆ ಅಷ್ಟೂ ಇರದಿದ್ದರೆ ಹ್ಯಾಗೆ. ಆದರೆ ಅದನ್ನು ಅವನು ಸಾಲದಲ್ಲಿ ಕೊಂಡ. ‘ಬರೇ ವರ್ಷಕ್ಕೆ ಶೇ 12, ಫ್ಲಾಟ್’ ಎಂದ ಏಜೆಂಟು. ಎರಡು ವರ್ಷಕ್ಕೆ ಬಡ್ಡಿ 9,600, ಒಟ್ಟು 49,600, ತಿಂಗಳ ಕಂತು 2,067. ಫ್ಲಾಟ್ ಎಂಬಲ್ಲೇ ಕೈಚಳಕ. ಪ್ರತಿ ತಿಂಗಳು ಅಸಲು ತೀರುತ್ತ ಬಂದರೂ ಬಡ್ಡಿಯನ್ನು ಕೊನೆಯವರೆಗೆ ಪೂರ್ತಿ 40,000ದ ಮೇಲೆಯೇ ಹಾಕುತ್ತಾರೆ. ಬಾಕಿ ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ಈ ಬಡ್ಡಿ ಶೇ 12 ಅಲ್ಲ, ಸುಮಾರು ಶೇ 21.6. ಇನ್ನೊಂದು ಲೆಕ್ಕ ಹೇಳುತ್ತೇನೆ. ಹೆಂಡತಿಯ ಖಾತೆಗೆ ಬರುವ ಗೃಹಲಕ್ಷ್ಮಿ ತಿಂಗಳಿಗೆ 2,000. ಗಂಡನ ಐವತ್ತು ಸಿಸಿಯ ಹೌಸಿಗೆ ಎರಡು ವರ್ಷ ಅವಳ ಹಣವಷ್ಟೂ ಹೋಗುತ್ತದೆ, ಮೇಲೆ ತಿಂಗಳಿಗೆ 67 ರೂಪಾಯಿ ಅವಳೇ ಹೊಲಿಗೆಯಲ್ಲಿ ತುಂಬಬೇಕು.

ಗೃಹಲಕ್ಷ್ಮಿಯ ಮಾತು ಬಂತು. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಯೋಜನೆಗೆ ಚಾಲನೆ ಸಿಕ್ಕ ದಿನದಿಂದ ‘ಹೆಂಗಸರು ಆ ದುಡ್ಡು ಏನು ಮಾಡುತ್ತಾರೆ’ ಎಂದು ಗಂಡಸರು ಕಾವಲು ಕೂತಂತೆ ನೋಡುತ್ತಿದ್ದಾರೆ. 2024ರಲ್ಲಿ ನಮ್ಮ ಜಿಲ್ಲೆಯದೇ ಒಂದು ಸುದ್ದಿ ರಾಜ್ಯವೆಲ್ಲ ಓಡಾಡಿತು. ರಾಯಬಾಗ ತಾಲ್ಲೂಕಿನ ಸುಟ್ಟಟ್ಟಿಯ ಒಬ್ಬ ವೃದ್ಧೆ ಕೂಡಿಟ್ಟ ಗೃಹಲಕ್ಷ್ಮಿ ಹಣದಲ್ಲಿ ಊರವರಿಗೆ ಹೋಳಿಗೆ ಊಟ ಹಾಕಿಸಿದರು. ಅದೇ ತಾಲ್ಲೂಕಿನ ಮಂಟೂರಿನ ಇನ್ನೊಬ್ಬ ಹೆಣ್ಣುಮಗಳು ಅದೇ ಹಣದಲ್ಲಿ ಊರಿಗೆ ಗ್ರಂಥಾಲಯ ಮಾಡಿಸಿದರು. ಗ್ರಂಥಾಲಯಕ್ಕೆ ಎಲ್ಲರೂ ಭೇಷ್ ಎಂದರು. ಹೋಳಿಗೆಗೆ ಮುಖ್ಯಮಂತ್ರಿ ಸಿದ್ದರಾಮಯ್ಯ ಮೆಚ್ಚುಗೆ ಹೇಳಿದರೂ ‘ಬಿಟ್ಟಿ ದುಡ್ಡು ಬಿಟ್ಟಿ ಊಟ’ ಎಂದು ಮೂಗು ಮುರಿದವರೂ ಇದ್ದರು.

ನನಗೆ ಆ ಹೋಳಿಗೆಯ ಬಗ್ಗೆ ಹೆಚ್ಚು ಹೇಳಬೇಕೆನಿಸುತ್ತದೆ. ಜೀವನವಿಡೀ ಇನ್ನೊಬ್ಬರ ಮನೆಯ ಕಾರ್ಯಕ್ಕೆ ಹೋಗಿ ಉಂಡು ಬಂದ ಬಡ ಮುದುಕಿಗೆ, ತಾನೂ ಒಮ್ಮೆ ನಾಲ್ಕು ಮಂದಿಗೆ ಬಡಿಸಬೇಕು ಎಂಬುದು ಎಂಥ ಹಸಿವು ಎಂದು ಹೊಟ್ಟೆ ತುಂಬಿದವರಿಗೆ ತಿಳಿಯದು. ನಮ್ಮ ಶರಣರಿಗೆ ತಿಳಿದಿತ್ತು. ಆಯ್ದಕ್ಕಿ ಲಕ್ಕಮ್ಮನ ಕಥೆಯಲ್ಲಿ ಎಲ್ಲರಿಗೂ ನೆನಪಿರುವುದು ಮೊದಲ ಅರ್ಧ: ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುವ ಗಂಡ ಮಾರಯ್ಯ ಒಂದು ದಿನ ಹೆಚ್ಚಿಗೆ ತಂದಾಗ, ಇಷ್ಟು ನಮಗೆ ಬೇಡ, ಅಲ್ಲೇ ಸುರಿದು ಬನ್ನಿ ಎಂದದ್ದು. ಮಿತವ್ಯಯದ ಭಾಷಣಗಳಿಗೆ ಹೇಳಿ ಮಾಡಿಸಿದ ಭಾಗ. ಅದೇ ಲಕ್ಕಮ್ಮ ಅದೇ ಬಡತನದಲ್ಲಿ ಕಲ್ಯಾಣದ ಜಂಗಮರನ್ನೆಲ್ಲ ಕರೆದು ಪ್ರಸಾದ ನೀಡಿದಳು ಎಂಬ ಎರಡನೇ ಅರ್ಧವನ್ನು ಭಾಷಣಕಾರರು ಬಿಟ್ಟುಬಿಡುತ್ತಾರೆ. ದಾಸೋಹ ಅವಳ ಜರೂರಿಯ ಪಟ್ಟಿಯಲ್ಲಿತ್ತು. ಹೆಚ್ಚಿನ ಅಕ್ಕಿ ಆ ಪಟ್ಟಿಯಲ್ಲಿ ಇರಲಿಲ್ಲ, ಯಾಕೆಂದರೆ ಅದು ಅವಳ ದುಡಿಮೆಯದಲ್ಲ. ಸುಟ್ಟಟ್ಟಿಯ ಹೋಳಿಗೆ ಕೂಡಿಟ್ಟ ಹಣದ್ದು. ಸಾಲ ತಂದು ಬೇಯಿಸಿದ್ದಲ್ಲ. ನನ್ನ ಮಟ್ಟಿಗೆ ವಾದ ಅಲ್ಲಿಗೆ ಮುಗಿಯಿತು.

ಮದುವೆಯ ವಿಷಯದಲ್ಲೂ ಇದೇ ಮಾತು. ಮದುವೆಯ ಖರ್ಚು ಜರೂರಿ ಎಂದು ಸುಪ್ರೀಂ ಕೋರ್ಟೇ ಒಪ್ಪಿದೆ. ಡ್ರೋನ್ ಹಾರಿಸಿ ಫೋಟೊ ಹಿಡಿಸುವುದನ್ನು ಒಪ್ಪಿಲ್ಲ. ಉತ್ತರ ಕರ್ನಾಟಕದ ಮಠಗಳು ದಶಕಗಳಿಂದ ನಡೆಸುತ್ತ ಬಂದ ಸಾಮೂಹಿಕ ವಿವಾಹಗಳ ದೊಡ್ಡ ಉಪಕಾರ ಇದೇ: ಮದುವೆ ಉಳಿಯಿತು, ಸಾಲ ಹೋಯಿತು.

ಸಾಲ ಹೋಗದ ಮನೆಗಳಲ್ಲಿ ಏನಾಗುತ್ತದೆ ಎಂಬುದನ್ನು 2025ರ ಆರಂಭದಲ್ಲಿ ರಾಜ್ಯ ನೋಡಿತು. ಮೈಕ್ರೋಫೈನಾನ್ಸ್ ವಸೂಲಿಯವರ ಕಾಟಕ್ಕೆ ಜನ ಊರು ಬಿಟ್ಟರು, ಕೆಲವರು ಜೀವವನ್ನೇ ಬಿಟ್ಟರು. ಬೆಳಗಾವಿ ಜಿಲ್ಲೆಯ ಹೆಂಗಸರೂ ಬೀದಿಗಿಳಿದರು. ಸರ್ಕಾರ ಸುಗ್ರೀವಾಜ್ಞೆ ತಂದಿತು. ರಾಜ್ಯಪಾಲರು ಒಮ್ಮೆ ವಾಪಸ್ ಕಳಿಸಿ, ಫೆಬ್ರುವರಿ 12ರಂದು ಅಂಕಿತ ಹಾಕಿದರು. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಕಾನೂನು ಬಂದದ್ದು ಒಳ್ಳೆಯದೇ. ಆದರೆ ಅದಕ್ಕೂ ಮೊದಲೇ, 2022ರ ಏಪ್ರಿಲ್‌ನಿಂದ, ರಿಸರ್ವ್ ಬ್ಯಾಂಕಿನ ಒಂದು ನಿಯಮ ಜಾರಿಯಲ್ಲಿದೆ. ವರ್ಷಕ್ಕೆ ಮೂರು ಲಕ್ಷದವರೆಗೆ ಆದಾಯವಿರುವ ಮನೆಗೆ ಅಡವಿಲ್ಲದೆ ಕೊಡುವ ಸಾಲ ಕಿರುಸಾಲ. ಆ ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು. ನನ್ನ ತಕರಾರು ಆ ‘ಅರ್ಧ’ದ ಮೇಲೇ. 18,000 ಪಗಾರದವನು 9,000 ಕಂತು ಕಟ್ಟಬಹುದು ಎಂದು ನಿಯಮ ಹೇಳುತ್ತದೆ. ಮೇಲೆ ಹಾಕಿದ ಆಹಾರದ ಲೆಕ್ಕ 7,750 ತೆಗೆಯಿರಿ. ಉಳಿಯುವ 1,250ರಲ್ಲಿ ಬಾಡಿಗೆಯನ್ನು ರಿಸರ್ವ್ ಬ್ಯಾಂಕೇ ಕಟ್ಟಬೇಕು. ಅರ್ಧ ಎಂಬುದು ಸಾಲ ಕೊಡುವವರಿಗೆ ಹಾಕಿದ ಬೇಲಿ. ತೆಗೆದುಕೊಳ್ಳುವವರು ತಮ್ಮ ಬೇಲಿಯನ್ನು ಅದಕ್ಕಿಂತ ಬಹಳ ಒಳಗೆ ಹಾಕಿಕೊಳ್ಳಬೇಕು.

ಕಿರುಸಾಲದ ಮನೆಗಳಲ್ಲಿ ಕೇಳಿದರೆ ಮೊದಲ ಸಾಲ ಬಹುತೇಕ ಆಸ್ಪತ್ರೆಗೆ, ಶಾಲೆಯ ಫೀಗೆ, ಮನೆಯ ತಗಡಿಗೆ. ಎರಡನೆಯದು ಮೊದಲಿನದರ ಕಂತಿಗೆ. ಮೂರನೆಯದು ಎರಡನೆಯದಕ್ಕೆ. ಅಷ್ಟರಲ್ಲಿ ಮನೆಯಲ್ಲೊಂದು ಹೊಸ ಟಿವಿ ಕಂಡರೆ ನೋಡುವವರು ಸಾಲಕ್ಕೆಲ್ಲ ಅದೇ ಕಾರಣ ಎನ್ನುತ್ತಾರೆ. 1875ರ ಸಾಹೇಬರು ಮದುವೆಯ ಚಪ್ಪರ ನೋಡಿ ಹೇಳಿದ ಹಾಗೆಯೇ.

ಹಾಗಾದರೆ ಪಗಾರದ ಸಂಜೆ ಏನು ಮಾಡುವುದು? ದೊಡ್ಡ ಸೂತ್ರ ನನ್ನ ಬಳಿ ಇಲ್ಲ. ಗಂಡ ಹೆಂಡತಿ ಇಬ್ಬರೂ ಕೂತು, ಅವನ ಪಗಾರದ ಚೀಟಿ ಮತ್ತು ಅವಳ ಪಾಸ್‌ಬುಕ್ ಎರಡನ್ನೂ ಮುಂದಿಟ್ಟುಕೊಳ್ಳುವುದು ಮೊದಲ ಕೆಲಸ. ಎಷ್ಟೋ ಮನೆಗಳಲ್ಲಿ ಗಂಡಸಿನ ಹೌಸಿ ಜರೂರಿಯೆಂದೂ ಹೆಂಗಸಿನ ಜರೂರಿ ಹೌಸಿಯೆಂದೂ ವಹಿಯಲ್ಲಿ ಬರೆಯಲಾಗುತ್ತದೆ. ಅವನ ಗಾಡಿಗೆ ಹೊಸ ಟೈರು ತಕ್ಷಣ, ಅವಳ ಹೊಲಿಗೆ ಯಂತ್ರಕ್ಕೆ ಮೋಟಾರು ‘ಮುಂದಿನ ದೀಪಾವಳಿಗೆ ನೋಡೋಣ’. ಮೋಟಾರು ಗಳಿಸಿಕೊಡುವ ಸಾಮಾನು ಎಂಬುದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಇಬ್ಬರೂ ಕೂತರೆ ಇಂಥದ್ದು ಹೊರಬೀಳುತ್ತದೆ.

ಹೌಸಿಗೂ ಒಂದು ಪಾಲು ತೆಗೆದಿಡಿ, ಸಣ್ಣದಾದರೂ ಸರಿ. ಪೂರ್ತಿ ಕಟ್ಟಿಹಾಕಿದ ಮನೆ ಒಂದು ದಿನ ಹಗ್ಗ ಕಡಿದುಕೊಂಡು ಅಂಗಡಿಗೆ ಓಡುತ್ತದೆ. ಅದಕ್ಕೆ ಭಿಶಿ ಒಳ್ಳೆಯ ದಾರಿ. ಹತ್ತು ಹನ್ನೆರಡು ಹೆಂಗಸರು ತಿಂಗಳಿಗಿಷ್ಟು ಹಾಕಿ ಸರದಿಯ ಮೇಲೆ ಎತ್ತುವ ಹಣದಲ್ಲಿ ಬಂದ ಮಿಕ್ಸಿಗೆ ಬಡ್ಡಿ ಇರುವುದಿಲ್ಲ. ಹಾಕುವವರೆಲ್ಲ ಗುರುತಿನವರಾಗಿರಲಿ. ಪಿಗ್ಮಿಯೂ ಆಗುತ್ತದೆ. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನ ಟಿ.ಎಂ.ಎ. ಪೈ ದಿನಕ್ಕೆ ಎರಡಾಣೆಯಿಂದ ಶುರುಮಾಡಿದ ಆ ಪದ್ಧತಿ ಮನೆಬಾಗಿಲಿಗೆ ಬರುವವನಿಗೆ ನಾಚಿಯಾದರೂ ಹಣ ಕೊಡುವಂತೆ ಮಾಡುತ್ತದೆ, ಅದೇ ಅದರ ಗುಟ್ಟು. ದೀಪಾವಳಿ ಬೋನಸ್ಸು ಬರುತ್ತದೆಂದು ದಸರೆಗೇ ಸಾಲದಲ್ಲಿ ಸಾಮಾನು ತರಬೇಡಿ. ಬಂದ ಮೇಲೆ ತಂದರೆ ಅದೇ ಸಾಮಾನು, ಬೆಲೆ ಮಾತ್ರ ಕಡಿಮೆ.

ಸಾಲ ಮಾಡಲೇಬೇಕಾದರೆ ಒಂದು ಕಾಗದ ಕೇಳಿ. 2024ರ ಅಕ್ಟೋಬರ್ 1ರಿಂದ ವೈಯಕ್ತಿಕ ಸಾಲ ಕೊಡುವ ಬ್ಯಾಂಕು, ಫೈನಾನ್ಸ್ ಕಂಪನಿ ಎಲ್ಲವೂ ‘ಮುಖ್ಯಾಂಶ ಪತ್ರ’ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಆದೇಶಿಸಿದೆ. ಫ್ಲಾಟ್, ಪ್ರೊಸೆಸಿಂಗ್ ಫೀ ಎಂಬ ಮಾತಿನ ಮರೆಯೆಲ್ಲ ಸರಿದು ವರ್ಷಕ್ಕೆ ನಿಜವಾಗಿ ಬೀಳುವ ಬಡ್ಡಿ ಎಷ್ಟು ಎಂಬುದು ಅದರಲ್ಲಿ ಒಂದೇ ಅಂಕಿಯಾಗಿ ಇರಬೇಕು, ಸಾಲಗಾರನಿಗೆ ತಿಳಿಯುವ ಭಾಷೆಯಲ್ಲೇ ಇರಬೇಕು. ಕಿರುಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ದಂಡ ಹಾಕುವಂತಿಲ್ಲ ಎಂಬುದೂ ನೆನಪಿರಲಿ. ತಕರಾರಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್ನರ ಸಹಾಯವಾಣಿ 14448. ಮಚ್ಛೆಯಲ್ಲಿ ಕನ್ನಡವೂ ನಡೆಯುತ್ತದೆ, ಮರಾಠಿಯೂ ನಡೆಯುತ್ತದೆ. ಎರಡರಲ್ಲಿ ಯಾವುದರಲ್ಲಿ ಬೇಕಾದರೂ ಆ ಪತ್ರ ಕೇಳಿ ಪಡೆದು, ಮನೆಗೆ ಒಯ್ದು ಹೆಂಡತಿಯ ಮುಂದೆ ಓದಿ, ಮರುದಿನ ಸಹಿ ಹಾಕಿ. ಇವತ್ತೇ ಸಹಿ ಬೇಕು, ನಾಳೆ ಆಫರ್ ಇರುವುದಿಲ್ಲ ಎಂದರೆ ಎದ್ದು ಬನ್ನಿ.